ಹದಿಮೂರು ವಾರದ ನರ್ಸು

ಅಮೆರಿಕದ ಈ ಆಸ್ಪತ್ರೆಗೆ ಬಂದ ಮೊದಲ ಬೆಳಿಗ್ಗೆ ವಾರ್ಡಿನ ಬಿಳಿ ಬೋರ್ಡಿನಲ್ಲಿ ನನ್ನ ಹೆಸರು ಹುಡುಕಿದೆ. ಸಿಗಲಿಲ್ಲ. ಎಲ್ಲ ನರ್ಸುಗಳ ಹೆಸರಿನ ಕೆಳಗೆ, ಕೊನೆಯ ಕೆಲವು ಕೋಣೆಗಳ ಎದುರಿಗೆ, ‘ಟ್ರಾವೆಲರ್’ ಎಂದು ಬರೆದಿತ್ತು. ಪಕ್ಕದಲ್ಲಿದ್ದವಳು ‘ಅದು ನೀನೇ’ ಎಂದು ಬೆರಳು ತೋರಿಸಿ ಕಾಫಿ ತರಲು ಹೋದಳು. ಮೈಸೂರಿನ ಆಸ್ಪತ್ರೆಯಲ್ಲಿ ನಾನು ಶಬಾನಾ ಸಿಸ್ಟರ್ ಆಗಿದ್ದೆ. ನಾನು ಯಾರ ಮಗಳೆಂದು ವಾರ್ಡಿನ ಆಯಾಗೂ ಗೊತ್ತಿತ್ತು, ಎದುರಿನ ಟೀ ಅಂಗಡಿಯವನಿಗೂ ಗೊತ್ತಿತ್ತು. ಇಲ್ಲಿ ಹೆಸರಿನ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ. ನೋವಾಗಬೇಕಿತ್ತು, ಆಗಲಿಲ್ಲ. ಕೋಣೆಗಳ ನಂಬರು ಅಂಗೈ ಮೇಲೆ ಬರೆದುಕೊಂಡು ಕೆಲಸಕ್ಕೆ ಹೋದೆ.

ಟ್ರಾವೆಲ್ ನರ್ಸ್ ಎಂದರೆ ರೋಗಿಗಳನ್ನು ವಿಮಾನದಲ್ಲಿ ಕರೆದುಕೊಂಡು ಓಡಾಡುವವಳು ಎಂದು ನಮ್ಮ ಮೊಹಲ್ಲಾದಲ್ಲಿ ಸುದ್ದಿಯಿದೆ. ವಿಷಯ ಅಷ್ಟು ಚಂದದ್ದಲ್ಲ. ಯಾವ ಆಸ್ಪತ್ರೆಗೆ ನರ್ಸುಗಳು ಸಾಲುವುದಿಲ್ಲವೋ ಅಲ್ಲಿಗೆ ಏಜೆನ್ಸಿಯವರು ನಮ್ಮನ್ನು ಕಳಿಸುತ್ತಾರೆ. ಒಂದು ಕಾಂಟ್ರಾಕ್ಟ್ ಎಂದರೆ ಸಾಮಾನ್ಯವಾಗಿ ಹದಿಮೂರು ವಾರ. ಮುಗಿದ ಮೇಲೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹೊಸ ಆಸ್ಪತ್ರೆಯ ಕಂಪ್ಯೂಟರು, ಔಷಧಿ ಕೋಣೆ, ಡಾಕ್ಟರುಗಳ ಸಿಟ್ಟು ಸೆಡವು ಎಲ್ಲವನ್ನೂ ಒಂದೆರಡು ದಿನದಲ್ಲಿ ಕಲಿತುಬಿಡಬೇಕು. ಬೇರೆ ವಾರ್ಡಿನಲ್ಲಿ ಕೈ ಕಡಿಮೆಯಾದರೆ ಮೊದಲು ಎಬ್ಬಿಸಿ ಕಳಿಸುವುದು ನಮ್ಮನ್ನೇ. ಅದಕ್ಕೆ ಇಲ್ಲಿ ‘ಫ್ಲೋಟ್’ ಎನ್ನುತ್ತಾರೆ, ಅಂದರೆ ತೇಲುವುದು. ಸಾಂಕ್ರಾಮಿಕದ ದಿನಗಳಲ್ಲಿ ಇದ್ದ ಸಂಬಳ ಈಗಿಲ್ಲ. ಆದರೂ ಒಂದು ಅನುಕೂಲ ನನ್ನನ್ನು ಹಿಡಿದಿಟ್ಟಿತ್ತು. ಒಂದು ಕಾಂಟ್ರಾಕ್ಟಿಗೂ ಇನ್ನೊಂದಕ್ಕೂ ನಡುವೆ ಯಾರನ್ನೂ ಕೇಳದೆ ಮೈಸೂರಿಗೆ ಹೋಗಿ ತಂಗಿಯ ಮನೆಯಲ್ಲಿ ಬೇಕಾದಷ್ಟು ದಿನ ಇರಬಹುದಿತ್ತು.

ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುವಾಗ ಇನ್ನಿಬ್ಬರು ನರ್ಸುಗಳ ಜೊತೆ ಒಂದೇ ಕೋಣೆಯಲ್ಲಿದ್ದೆ. ಕಿಟಕಿ ತೆರೆದರೆ ಎದುರಿಗೆ ಗೋಡೆ. ಈಗ ನ್ಯೂಜೆರ್ಸಿಯಲ್ಲಿ ರೆಹಾನಾ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿದ್ದೇನೆ, ಎಂದರೆ ನೆಲಮಾಳಿಗೆ. ಆಂಟಿ ಬೆಂಗಳೂರಿನವರು. ಮೊದಲ ಚಳಿಗಾಲದಲ್ಲಿ ಕಾರಿನ ಗಾಜಿಗೆ ಕಟ್ಟಿದ ಹಿಮ ಕರಗಿಸಲು ನಾನು ಬಿಸಿನೀರು ಸುರಿಯಲು ಹೊರಟಾಗ ಅವರೇ ಓಡಿಬಂದು ಕೈ ಹಿಡಿದರು.

‘ಅಯ್ಯೋ, ಗ್ಲಾಸ್ ಕ್ರ್ಯಾಕ್ ಆಗುತ್ತಮ್ಮಾ! ಹೀಟರ್ ಆನ್ ಮಾಡಿ ವೆಯ್ಟ್ ಮಾಡು. ಇಲ್ಲಿ ಎಲ್ಲಾದಕ್ಕೂ ವೆಯ್ಟ್ ಮಾಡ್ಬೇಕು.’

ಈಗ ಹಿಮದಲ್ಲೂ ಡ್ರೈವ್ ಮಾಡುತ್ತೇನೆ. ಶುಕ್ರವಾರ ಮೇಲಿನಿಂದ ಬಿರಿಯಾನಿಯ ಡಬ್ಬಿ ಬರುತ್ತದೆ. ತಿನ್ನುತ್ತೇನೆ. ಚೆನ್ನಾಗಿದೆಯೆಂದು ಗೊತ್ತಾಗುತ್ತದೆ, ಅಷ್ಟೆ.

ಹೀಗಾದದ್ದು ಯಾವಾಗಿನಿಂದ ಎಂದು ಹೇಳಲಾರೆ. ರೋಗಿಗಳು ಬರುತ್ತಾರೆ, ಹೋಗುತ್ತಾರೆ. ನಾನೂ ಬರುತ್ತೇನೆ, ಹೋಗುತ್ತೇನೆ. ಯಾರು ಗುಣವಾದರು, ಯಾರು ಉಳಿಯಲಿಲ್ಲ ಎಂದು ತಿಳಿಯುವ ಮೊದಲೇ ಕಾಂಟ್ರಾಕ್ಟ್ ಮುಗಿದಿರುತ್ತದೆ. ಕಾಲು ಜೋಮು ಹಿಡಿದಾಗ ನಡೆದಂತೆ: ಬೀಳುವುದಿಲ್ಲ, ಕಾಲಡಿಯ ನೆಲ ಮಾತ್ರ ಗೊತ್ತಾಗುವುದಿಲ್ಲ.

ಈ ಸಲದ ಕಾಂಟ್ರಾಕ್ಟಿನ ನಡುವೆ ನೀಲಮ್ಮ ಬಂದರು. ಗದಗದ ಕಡೆಯವರು, ಮಗಳು ಶೈಲಜಾ ಜೊತೆ ಇಲ್ಲೇ ಇರುವವರು. ಶೈಲಜಾ ಬ್ರಿಡ್ಜ್‌ವಾಟರ್‌ನ ಔಷಧಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಸಕ್ಕರೆ ಕಾಯಿಲೆಯಿಂದ ನೀಲಮ್ಮನ ಎಡಪಾದ ಕಪ್ಪಾಗಿತ್ತು. ನನ್ನ ಬ್ಯಾಡ್ಜ್ ಓದಿದ ಮಗಳು ಹಿಂದಿಯಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಉತ್ತರಿಸಿದಾಗ ಹಾಸಿಗೆಯಲ್ಲಿದ್ದ ತಾಯಿ ತಲೆ ಎತ್ತಿದರು.

‘ಅಯ್ಯ, ನೀ ಕನ್ನಡದಾಕಿ ಏನು? ಯಾವ ಊರವ್ವ ನಿಂದು?’

‘ಮೈಸೂರು ಅಮ್ಮಾ.’

‘ಅದಕ್ಕ ನಿನ್ ಮಾತು ಅಷ್ಟ್ ಮೆತ್ತಗ!’

ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದು ಡಾಕ್ಟರು ನಿರ್ಧರಿಸಿದ್ದರು. ತಾಯಿ ಒಪ್ಪಿದ್ದಾರೆಂದು ಶೈಲಜಾ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದ್ದರು. ಆಪರೇಷನ್ ದಿನ ಬೆಳಿಗ್ಗೆ ನಾನು ನೀಲಮ್ಮನ ಮೈ ಒರೆಸುತ್ತಿದ್ದೆ. ಆಕೆ ಕೇಳಿದರು:

‘ಗಾಯ ತೊಳದ ಮ್ಯಾಲೆ ಚಪ್ಪಲಿ ಯಾವಾಗ ಹಾಕ್ಕೋಬಹುದವ್ವ?’

‘ಗಾಯ ತೊಳೀತಾರೆ ಅಂತ ಯಾರು ಹೇಳಿದ್ರು ಅಮ್ಮಾ?’

‘ಶೈಲಾ ಹೇಳ್ಯಾಳ. ನಿದ್ದಿ ಮದ್ದು ಕೊಟ್ಟು ಚಂದಗೆ ತೊಳೀತಾರಂತ.’

ಒದ್ದೆ ಬಟ್ಟೆಯನ್ನು ಬೋಗುಣಿಯಲ್ಲಿಟ್ಟೆ. ಮೈಸೂರಿನಲ್ಲಿ ಇಂಥ ಸುದ್ದಿ ಕಾರಿಡಾರಿನಲ್ಲಿ ರೋಗಿಯ ಮಕ್ಕಳ ಕಿವಿಗೆ ಬೀಳುತ್ತದೆ. ಮಲಗಿರುವವರು ಎಲ್ಲರ ಮುಖ ನೋಡಿ ತಿಳಿದುಕೊಳ್ಳಬೇಕು. ಇಲ್ಲಿ ಹಾಗಲ್ಲ. ರೋಗಿಗೆ ಅವರದೇ ಭಾಷೆಯಲ್ಲಿ ಹೇಳಬೇಕು. ಹೇಳುವವರು ಅದಕ್ಕೆಂದೇ ತರಬೇತಿ ಪಡೆದು ಪರೀಕ್ಷೆ ಪಾಸಾದ ದುಭಾಷಿ ಆಗಿರಬೇಕು, ಮನೆಯವರಲ್ಲ. ಆ ಪರೀಕ್ಷೆ ಪಾಸಾಗದ ನಾನೂ ಹೇಳುವಂತಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಟ್ರಾವೆಲರ್ ಒಬ್ಬಳ ಕಾಂಟ್ರಾಕ್ಟ್ ರದ್ದುಮಾಡಲು ಒಂದು ಫೋನ್ ಸಾಕು, ಮುಂದಿನ ಆಸ್ಪತ್ರೆಯವರು ಕಾರಣ ಕೇಳಿಯೇ ಕೇಳುತ್ತಾರೆ. ಇದೆಲ್ಲ ತಲೆಯಲ್ಲಿ ಬಂತು. ಎದೆ ಮಾತ್ರ ಹೊಡೆದುಕೊಳ್ಳಲಿಲ್ಲ. ಹೋಗಿ ಡಾಕ್ಟರಿಗೆ ಹೇಳಿದೆ: ಏನು ನಡೆಯಲಿದೆ ಎಂದು ಈಕೆಗೆ ಗೊತ್ತಿಲ್ಲ, ದುಭಾಷಿ ಬೇಕು.

ಆಪರೇಷನ್ ನಿಂತಿತು. ಶೈಲಜಾ ಕಾರಿಡಾರಿನಲ್ಲಿ ನನ್ನನ್ನು ತಡೆದರು.

‘ಸಿಸ್ಟರ್, ನಮ್ಮವರೊಬ್ರು ಸಿಕ್ರು ಅಂತ ಎಷ್ಟ್ ಖುಷಿ ಪಟ್ಟಿದ್ದೆ. ನೀವ ಹಿಂಗ ಮಾಡಿದ್ರ ಹೆಂಗ್ರೀ? ಹೇಳಿದ್ರ ಆಕಿ ಒಪ್ಪಂಗಿಲ್ಲ. ಇನ್ಫೆಕ್ಷನ್ ಮ್ಯಾಲೇರಿದ್ರ ಅವ್ವ ಉಳಿಯಂಗಿಲ್ಲ. ಆವಾಗ ನಿಮ್ ರೂಲ್ಸ್ ಬಂದು ಉಳಸ್ತಾವೇನು?’

‘ಎಚ್ಚರ ಆಗಿ ನೋಡಿದಾಗ ಕಾಲು ಇರೋದಿಲ್ಲ. ಆಗ ಏನು ಹೇಳ್ತೀರಾ ಅವರಿಗೆ?’

ಶೈಲಜಾ ಗೋಡೆಗೆ ಒರಗಿ ಅಳತೊಡಗಿದರು. ಟಿಶ್ಯೂ ಡಬ್ಬಿ ತಂದುಕೊಟ್ಟೆ. ಹೆಗಲ ಮೇಲೆ ಕೈ ಇಡಬೇಕೆಂದು ಗೊತ್ತಿತ್ತು. ಇಡಲಿಲ್ಲ.

ಕನ್ನಡದ ದುಭಾಷಿ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಎಲ್ಲೋ ದೂರದ ರಾಜ್ಯದಲ್ಲಿ ಕುಳಿತ ಒಬ್ಬರು ಕಾಣಿಸಿಕೊಂಡರು. ಡಾಕ್ಟರ ಮಾತನ್ನು ಕೇಳಿ ಗಂಭೀರವಾಗಿ ಹೇಳಿದರು: ‘ತಮ್ಮ ಎಡಗಾಲಿನ ಕೆಳಭಾಗದ ಅಂಗಚ್ಛೇದನ ಶಸ್ತ್ರಚಿಕಿತ್ಸೆಯನ್ನು ನೆರವೇರಿಸಲಾಗುವುದು.’

ನೀಲಮ್ಮ ನನ್ನ ಕಡೆ ನೋಡಿದರು. ‘ಏನಂತಾನ ಇಂವ?’

ನಾನು ಬಾಯಿ ತೆರೆಯುವಂತಿರಲಿಲ್ಲ. ಶೈಲಜಾ ಕಡೆ ನೋಡಿದೆ. ಆಕೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು.

‘ಅವ್ವಾ, ಕಾಲು ತಗೀತಾರ. ಮೊಣಕಾಲಿನ ಕೆಳಗ. ಇಲ್ಲಂದ್ರ ನೀ ಉಳಿಯಂಗಿಲ್ಲಂತ.’

ಮಗಳು ಹೇಳಿದ್ದು ಸರಿಯಾಗಿದೆ ಎಂದು ದುಭಾಷಿ ಡಾಕ್ಟರಿಗೆ ತಿಳಿಸಿದರು. ನೀಲಮ್ಮ ಹೊದಿಕೆ ಸರಿಸಿ ತಮ್ಮ ಪಾದವನ್ನು ನೋಡಿದರು.

‘ಇದನ್ನ ಮೊದಲ ಹೇಳಾಕ ಏನಾಗಿತ್ತು ನಿಂಗ?’

‘ನೀ ಬ್ಯಾಡ ಅಂತಿದ್ದೆಲ್ಲವ್ವ...’

‘ಅಂತಿದ್ದೆ. ಒಂದಿನ ಅತ್ತು, ಆಮ್ಯಾಲೆ ಹೂಂ ಅಂತಿದ್ದೆ. ಕೇಳದ ತಗದ್ರ ಅದು ಕಳವು ಮಾಡಿದಂಗ ಶೈಲಾ.’

ಆ ದಿನ ಆಕೆ ಅತ್ತರು. ಮರುದಿನ ಬೆಳಿಗ್ಗೆ ಅದೇ ದುಭಾಷಿಯ ಎದುರು ‘ತಗೀರಿ’ ಎಂದರು. ಆಪರೇಷನ್ ಸುಸೂತ್ರವಾಗಿ ಆಯಿತು.

ಆದರೆ ಆಗ ನಾನು ಆ ವಾರ್ಡಿನಲ್ಲಿರಲಿಲ್ಲ. ತಾಯಿಗೆ ಬೇರೆ ನರ್ಸ್ ಬೇಕೆಂದು ಶೈಲಜಾ ಕೇಳಿದ್ದರು. ವಾರ್ಡಿನ ಮ್ಯಾನೇಜರ್ ನನ್ನನ್ನು ಕರೆದು, ನೀನು ಮಾಡಿದ್ದು ಸರಿ ಎಂದಳು. ಹಾಗೆಂದವಳೇ ನನ್ನನ್ನು ಮೇಲಿನ ಮಹಡಿಗೆ ಫ್ಲೋಟ್ ಮಾಡಿದಳು. ಸರಿ ಮಾಡಿದವಳನ್ನು ಎತ್ತಿಡುವುದೂ ಇಷ್ಟು ಸುಲಭವೇ ಎಂದು ಸಿಟ್ಟು ಬರಬೇಕಿತ್ತು. ಬರಲಿಲ್ಲ, ಬರದಿದ್ದುದಕ್ಕೇ ನನಗೆ ಭಯವಾಯಿತು.

ಕಾಂಟ್ರಾಕ್ಟ್ ಮುಗಿಯುತ್ತ ಬಂದಾಗ ಅದೇ ಮ್ಯಾನೇಜರ್ ಮತ್ತೆ ಕರೆದಳು. ಪರ್ಮನೆಂಟ್ ಕೆಲಸ ಇದೆ, ನೀನು ಬರಬೇಕು ಎಂದಳು. ಬಾಯಿ ಬಿಟ್ಟು ಹೇಳುವ ನರ್ಸುಗಳು ತನಗೆ ಬೇಕು ಎಂದೂ ಹೇಳಿದಳು. ಟ್ರಾವೆಲರ್‌ಗಿಂತ ಕೈಗೆ ಬರುವುದು ಕಡಿಮೆ. ಆದರೆ ಓದಲು ಆಸ್ಪತ್ರೆಯವರೇ ನೆರವು ಕೊಡುತ್ತಾರೆ. ಮುಂದೆ ನರ್ಸ್ ಪ್ರಾಕ್ಟಿಷನರ್ ಆಗಬಹುದು. ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆದುಕೊಡುವ ಹುದ್ದೆ ಅದು. ಟ್ರಾವೆಲರ್‌ಗೆ ಅಂಥ ಏಣಿಯಿಲ್ಲ, ಒಂದೇ ಮೆಟ್ಟಿಲನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಹತ್ತುತ್ತಿರಬೇಕು. ಯೋಚಿಸಿ ಹೇಳುತ್ತೇನೆ ಎಂದೆ.

ಊಟದ ಬಿಡುವಿನಲ್ಲಿ ನೀಲಮ್ಮನನ್ನು ನೋಡಲು ಹೋದೆ. ನಡೆಯಲು ಕಲಿಸುವ ಕೇಂದ್ರಕ್ಕೆ ಅವರನ್ನು ಕಳಿಸುವ ದಿನ ಅದು. ಶೈಲಜಾ ಕುರ್ಚಿಯ ಮೇಲಿದ್ದ ತಮ್ಮ ಚೀಲ ತೆಗೆದು ನನಗೆ ಜಾಗ ಮಾಡಿಕೊಟ್ಟರು. ನೀಲಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದರು:

‘ಇಲ್ಲೇ ಇರಾಕಿ ಏನವ್ವ, ಇಲ್ಲಾ ಊರಿಗೆ ಹೊಳ್ಳಿ ಹೋಗಾಕಿ?’

‘ಗೊತ್ತಾಗ್ತಿಲ್ಲ ಅಮ್ಮಾ. ನೀವು?’

‘ನಂದೊಂದು ಕಾಲು ಇಲ್ಲೇ ಉಳೀತು ನೋಡು. ಇನ್ನ ಈ ಊರು ನಂದಲ್ಲ ಅನ್ನಾಕ ಬರಂಗಿಲ್ಲ.’ ಹೇಳಿ ತಾವೇ ನಕ್ಕು ಮಗಳ ಕಡೆ ತಿರುಗಿದರು. ‘ಅಳಬ್ಯಾಡ ಶೈಲಾ, ನಗು.’

ಹೊರಗೆ ಬಂದು ಮ್ಯಾನೇಜರ್‌ಗೆ ಆಗಲಿ ಎಂದೆ. ಸಂತೋಷಕ್ಕೆ ಹೇಳಿದೆನೋ ದಣಿವಿಗೆ ಹೇಳಿದೆನೋ ಈಗಲೂ ಗೊತ್ತಿಲ್ಲ. ಮನೆಗೆ ಬಂದು ತಂಗಿಗೆ ಫೋನ್ ಮಾಡಿ ಪರ್ಮನೆಂಟ್ ಕೆಲಸದ ಸುದ್ದಿ ಹೇಳಿದೆ. ಮೈಸೂರಿನಲ್ಲಿ ಬೆಳಗಾಗಿತ್ತು, ಅವಳ ಅಡುಗೆಮನೆಯ ಕುಕ್ಕರ್ ಕೂಗುತ್ತಿತ್ತು.

‘ಒಳ್ಳೇದಾಯ್ತು ಆಪಾ,’ ಎಂದಳು. ‘ಹಾಗಾದ್ರೆ ಕಾಂಟ್ರಾಕ್ಟ್ ಮುಗಿದ ತಕ್ಷಣ ಬರ್ತೀಯಲ್ಲ?’

‘ಇನ್ನು ಹಾಗೆ ಬರೋಕಾಗಲ್ಲ. ರಜಾ ಕೇಳ್ಬೇಕು.’

ಅವಳು ಒಲೆ ಆರಿಸಿದಳು, ಕುಕ್ಕರಿನ ಕೂಗು ನಿಂತಿತು.

‘ನಮ್ಮನೆಗೆ ಬರೋಕೆ ಅವರನ್ನ ಕೇಳ್ಬೇಕಾ?’

‘ಹೂಂ’ ಎಂದೆ. ನೋವಾದದ್ದು ಅವಳಿಗೆ ಗೊತ್ತಾಯಿತೋ ಏನೋ. ನನಗೆ ಗೊತ್ತಾಯಿತು.