ಊರು ಐತೇನಪ್ಪಾ?

ಗುಡೇಕೋಟೆ ಸೀಮೆಯ ಮಾಕನಕುಂಟೆ ಮೊದಲು ಗುಡ್ಡದ ಆಚೆ ಇತ್ತು. ಪ್ಲೇಗು ಬಂದಾಗ ಜನ ಇಲಿ ಬಿದ್ದ ಮನೆಗಳನ್ನು ಬಿಟ್ಟು ಈಚೆಗೆ ಓಡಿಬಂದರು. ದೊಡ್ಡಬೀರಪ್ಪನ ಕುರಿಗಾಹಿ ಮುತ್ತಜ್ಜ ಬಯಲಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟು, ಇಲ್ಲಿಂದ ಊರು ಅಂದನಂತೆ. ಆ ಕರಿಗಲ್ಲಿನ ಹಿಂದೆಯೇ ಮನೆಗಳು ಎದ್ದವು.

ಅಂದಿನಿಂದ ಪ್ರತಿ ಆಷಾಢದಲ್ಲಿ ಒಂದು ದಿನ ಹೊರಬೀಡು. ಊರಿಗೆ ಊರೇ ಬೀಗ ಹಾಕಿ, ದನ, ಕುರಿ, ಕೋಳಿ ಸಮೇತ ಹೊಲದ ಕಡೆ ಹೋಗಿ ಅಲ್ಲೇ ಅಟ್ಟು ಉಣ್ಣುತ್ತದೆ. ಊರಬಾಗಿಲಿಗೆ ಜಾಲಿಮುಳ್ಳು ಎಳೆಯುತ್ತಾರೆ. ಒಳಗೆ ಉಳಿಯುವವನು ಕಲ್ಲು ನೆಟ್ಟವನ ವಂಶದವನೊಬ್ಬನೇ. ಅವನು ತುಟಿ ಬಿಚ್ಚುವಂತಿಲ್ಲ, ಕಲ್ಲು ಮುಟ್ಟುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಜನ ಮರಳಿ ಬಂದು, ಹಿರಿಯರೊಬ್ಬರು ಕಲ್ಲಿನ ಮೇಲೆ ಕೈಯಿಟ್ಟು "ಊರು ಐತೇನಪ್ಪಾ?" ಎಂದು ಕೇಳಬೇಕು. ಅವನು "ಐತಿ, ಬರ್ರಿ" ಅನ್ನಬೇಕು. ಆಮೇಲೆಯೇ ಬೀಗ ತೆಗೆಯುವುದು.

ಅಪ್ಪನ ನಂತರ ಆ ಸರದಿ ಹಿಡಿದ ದೊಡ್ಡಬೀರಪ್ಪ ಬಾಯಿ ಮುಚ್ಚಿ ಕೂರುವ ಆಸಾಮಿಯಲ್ಲ. ಕುರಿಗಳ ಜೊತೆಗೂ ಹರಟೆ ಹೊಡೆಯುವವನು. "ವರ್ಷಕ್ಕ ಒಂದಿನ ನನ್ನ ಕಿವಿಗಿ ಹಬ್ಬ" ಎಂದು ಹೆಂಡತಿ ಎರ್ರೆಮ್ಮ ಛೇಡಿಸುತ್ತಿದ್ದಳು. ಆದರೆ ಆ ಒಂದು ದಿನ ಅವನು ಕೆಮ್ಮಲೂ ಅಂಜುತ್ತಿದ್ದ. ಹಿಂದೊಮ್ಮೆ ಹೊರಬೀಡಿನ ದಿನ ಬಣವೆಗೆ ಕಿಡಿ ಬಿದ್ದಾಗ ಅವನ ಅಪ್ಪ ಕೂಗಿ ಜನರನ್ನು ಕರೆದಿದ್ದ. ಬಣವೆ ಉಳಿಯಿತು. ಅದೇ ಮಳೆಗಾಲದಲ್ಲಿ ದೊಡ್ಡಬೀರಪ್ಪನ ಅಕ್ಕ, ತಂಗಿ ಇಬ್ಬರೂ ವಾಂತಿಭೇದಿಗೆ ಹೋದರು. ಬಾಯಿ ಬಿಟ್ಟಿದ್ದಕ್ಕೇ ಹೀಗಾಯಿತೆಂದು ಊರವರಾರೂ ದೂರಲಿಲ್ಲ. ಅಪ್ಪ ಮಾತ್ರ ಸಾಯುವತನಕ ಮತ್ತೆ ಬಣವೆ ಒಟ್ಟಲಿಲ್ಲ.

ಎರಡು ಸಾವಿರದ ಮೂರರ ಹೊರಬೀಡಿಗೆ ಮಗಳು ರೋಜಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಹೊಟ್ಟೆ ಹಿಡಿದುಕೊಂಡೇ ಗಾಡಿ ಹತ್ತಿದಳು. "ಅಪ್ಪಾ, ಉಗುಳು ನುಂಗಿಕೊಂಡು ಕುಂದ್ರು" ಎಂದು ನಕ್ಕಳು.

ಬಿಸಿಲು ಏರಿದ ಮೇಲೆ ಊರಬಾಗಿಲಲ್ಲಿ ಸದ್ದಾಯಿತು. ಮುಳ್ಳು ಸರಿಸಿ, ರಸ್ತೆಗೆಂದು ಜಲ್ಲಿಕಡಿ ತುಂಬಿದ ಟ್ರ್ಯಾಕ್ಟರುಗಳು, ಹಿಂದೆ ರೋಲರು ಒಳಗೆ ಬಂದವು. ಹಡಗಲಿ ಕಡೆಯ ಮೇಸ್ತ್ರಿ ಪಕ್ಕೀರಪ್ಪನಿಗೆ ಈ ಊರಿನ ಪದ್ಧತಿ ಗೊತ್ತಿರಲಿಲ್ಲ.

"ನೋಡ್ರಲೇ, ದನ ಇಲ್ಲ, ಗಾಡಿ ಇಲ್ಲ! ಇವತ್ತ ರಸ್ತಿ ಮುಗಿಸಿಬಿಡೂನು" ಎಂದು ಅವನು ಖುಷಿಪಟ್ಟ.

ದೊಡ್ಡಬೀರಪ್ಪ ಓಡಿಹೋಗಿ, ದಾರಿಯ ನಡುವಿದ್ದ ಕರಿಗಲ್ಲಿನ ಮುಂದೆ ಕೈ ಚಾಚಿ ನಿಂತ.

"ಅಜ್ಜ ಬಸ್ಸಿಗಿ ಕೈ ಮಾಡಾಕತ್ಯಾನ!" ಎಂದು ಆಳೊಬ್ಬ ನಕ್ಕ.

ಪಕ್ಕೀರಪ್ಪ ಗದರಿ ಅವನನ್ನು ಸುಮ್ಮನಿರಿಸಿದ. "ಯಜಮಾನ್ರ, ಇದೇನು ದೇವರೇನ್ರಿ? ಹೇಳ್ರಿ. ಬ್ಯಾಡ ಅಂದ್ರ ಬಿಡ್ತೀವಿ."

ಬ್ಯಾಡ. ಒಂದೇ ಮಾತು. ಅದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಗ ಹೊಲದಲ್ಲಿ ಬೇವಿನ ನೆರಳಿಗೆ ಮಲಗಿರುವ ರೋಜಾ ಕಣ್ಣಿಗೆ ಕಟ್ಟಿದಳು. ದೊಡ್ಡಬೀರಪ್ಪ ಹಲ್ಲು ಕಚ್ಚಿದ. ಕಲ್ಲಿನ ಕಡೆ, ಹೊಲದ ಕಡೆ ಕೈ ತೋರಿಸಿದ. ತಲೆ ಅಲ್ಲಾಡಿಸಿದರೆ ಮೇಸ್ತ್ರಿಗೆ ಅದು ಹೂಂ ಅಂದಂತೆಯೇ ಕಂಡಿತು. ಕಡೆಗೆ ಏನೂ ತೋಚದೆ ಎರಡೂ ಕೈ ಜೋಡಿಸಿ ಮೇಸ್ತ್ರಿಯ ಮುಂದೆ ಬಗ್ಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಪಕ್ಕೀರಪ್ಪನ ಮನಸ್ಸು ಕರಗಿತು. "ಪಾಪ, ಮೂಗ ಅದಾನ. ದೇವರನ್ನ ಕೈ ಮುಗಿದು ಕಳಿಸಿಕೊಡ್ರಿ ಅಂತಾನ." ಅವನು ಚಪ್ಪಲಿ ಬಿಟ್ಟು, ರೋಲರಿಗೆಂದು ತಂದಿದ್ದ ತೆಂಗಿನಕಾಯಿ ಒಡೆದ. ಆಳುಗಳು ದೊಡ್ಡಬೀರಪ್ಪನನ್ನು ಕುರಿಮರಿಯಂತೆ ಎತ್ತಿ ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟರು. ಕಲ್ಲನ್ನು ಹಾರೆಯಿಂದ ಮೀಟಿ, ಅಲ್ಲೇ ಅಗೆದು, ಅಡ್ಡ ಮಲಗಿಸಿದರು. ಮೇಲೆ ಕಡಿ ಬಿತ್ತು, ಗರಸು ಮಣ್ಣು ಬಿತ್ತು. ಹೋಗುವಾಗ ಪಕ್ಕೀರಪ್ಪ ಅವನ ಕೈಗೆ ಅರ್ಧ ಹೋಳು ಕಾಯಿ ಇಟ್ಟ. "ಎಲ್ಲಿಗೂ ಹೋಗಿಲ್ಲ ಅಜ್ಜ, ರಸ್ತಿ ಬುಡಕ ಅದಾನ."

ದೀಪದ ಹೊತ್ತಿಗೆ ಜನ ಬಂದರು. ಮುಳ್ಳು ಅತ್ತಿತ್ತ ಬಿದ್ದಿತ್ತು. ಹಿರಿಯ ಬೊಮ್ಮಪ್ಪ ನೆಲ ನೋಡಿದ, ದೊಡ್ಡಬೀರಪ್ಪನ ಮುಖ ನೋಡಿದ.

"ಕಲ್ಲೆಲ್ಲಿ?"

ಕಲ್ಲು ಮುಟ್ಟಿ ಕೇಳುವತನಕ ಅವನು ಮಾತಾಡುವಂತಿರಲಿಲ್ಲ. ಅವನು ರಸ್ತೆಯನ್ನು ತೋರಿಸಿದ.

"ನೀನು ಇಲ್ಲೇ ಇದ್ದೆಲ್ಲೋ! ಕಣ್ಣು ಬಿಟ್ಟುಕೊಂಡು ನೋಡಿದೇನು?" ಎಂದು ಜನ ಕೂಗಾಡಿದರು.

"ಅವನ ಬಾಯಿ ನೀವೇ ಹೊಲಿದು ಹೋಗೀರಲ್ಲ, ಈಗ ಕೇಳ್ತೀರೇನು?" ಎಂದು ಎರ್ರೆಮ್ಮ ಮೇಲೆ ಬಿದ್ದಳು. "ಹುಡುಗಿ ಸೊಂಟ ಹಿಡಿದುಕೊಂಡು ನಿಂತಾಳ. ಲಗೂ ಮುಟ್ಟಿ ಕೇಳ್ರಿ."

ಬೊಮ್ಮಪ್ಪ ಬಗ್ಗಿದ. "ಎಲ್ಲಿ ಮುಟ್ಟಲೋ?"

ದೊಡ್ಡಬೀರಪ್ಪ ರಸ್ತೆಯ ಮೇಲೆ ಹಿಂದೆ ಮುಂದೆ ನಡೆದ. ಹಗಲೆಲ್ಲ ಕಣ್ಣು ಕೀಳದೆ ನೋಡಿದ್ದ ಜಾಗ ರೋಲರು ಓಡಿದ ಮೇಲೆ ಎಲ್ಲ ಕಡೆಯೂ ಒಂದೇ ಆಗಿತ್ತು. ಕೊನೆಗೆ ಒಂದು ಕಡೆ ಬೆರಳು ಮಾಡಿದ. ಬೊಮ್ಮಪ್ಪ ಅಲ್ಲಿ ಅಂಗೈ ಊರಿದ.

"ಊರು ಐತೇನಪ್ಪಾ?"

ದೊಡ್ಡಬೀರಪ್ಪ ಮಗಳ ಕಡೆ ನೋಡಿದ.

"ಐತಿ" ಅಂದ. ಬರ್ರಿ ಅನ್ನದೆ, ತಾನು ಬೆರಳು ಮಾಡಿದ್ದ ಜಾಗವನ್ನೇ ನೋಡುತ್ತ ನಿಂತ.

ಎರ್ರೆಮ್ಮ ಆ ಮಾತಿಗೆ ಕಾಯದೆ ಮಗಳ ರಟ್ಟೆ ಹಿಡಿದು ಒಳಗೆ ನಡೆದಳು. ಹಿಂದೆ ಬಂದವರು ಬಗ್ಗಿ, ತಮ್ಮ ಕೈಗೆ ಎಟುಕಿದಲ್ಲಿ ರಸ್ತೆಯನ್ನು ಮುಟ್ಟಿ ಮುಟ್ಟಿ ಹೋದರು.