ಸಮುದ್ರದಾಚೆ ಕೂಗಿದ ಒನ್ಸ್ ಮೋರ್

ಮೊನ್ನೆ ಸಂಜೆ ಬೀರುವಿನಿಂದ ಕೋಟು ತೆಗೆದೆ ನೋಡಿ, ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಒಂಟಿಕೊಪ್ಪಲಿನ ನಮ್ಮ ಬೀದಿಯ ಹಿರಿಯರ ಸಂಘದ ವಾರ್ಷಿಕೋತ್ಸವದಲ್ಲಿ ನಾನೊಂದು ಹಾಡು ಹಾಡಬೇಕಿತ್ತು. ಹೆಸರು ಕೊಟ್ಟವನು ನಾನೇ, ಯಾರೂ ಬಲವಂತ ಮಾಡಿರಲಿಲ್ಲ. ಕೊಟ್ಟ ದಿನದಿಂದ ಅನ್ನ ಸೇರುತ್ತಿರಲಿಲ್ಲ, ಅದು ಬೇರೆ ಮಾತು. ಕೋಟಿನ ಜೇಬಿಗೆ ಕೈ ಹಾಕಿದರೆ ಒಂದು ಪೆಪ್ಪರ್‌ಮಿಂಟು. ಕಾಗದಕ್ಕೆ ಅಂಟಿಕೊಂಡು ಕಲ್ಲಾಗಿತ್ತು. ನೋಡಿದ್ದೇ ತಡ, ಅಷ್ಟು ಭಯದಲ್ಲೂ ನಗು ಬಂದುಬಿಟ್ಟಿತು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿ ಜಯಳೂ ಇಂಗ್ಲೆಂಡಿಗೆ ಪ್ಯಾಕೇಜ್ ಟೂರು ಹೋಗಿದ್ದೆವು. ಟೂರೆಂದರೆ ಗೊತ್ತಲ್ಲ, ಬಸ್ಸು ಹತ್ತು, ಕೋಟೆ ನೋಡು, ಬಸ್ಸು ಹತ್ತು, ಚರ್ಚು ನೋಡು. ಅರಮನೆ ತೋರಿಸಿದಾಗಲೆಲ್ಲ ಜಯ, "ನಮ್ಮೂರ್ ಅರಮನೆ ಮುಂದೆ ಇದೇನ್ ಬುಡ್ರೀ" ಎನ್ನುತ್ತಿದ್ದಳು. ಅವಳಿಗಿದ್ದ ಆಸೆ ಒಂದೇ, ಇಂಗ್ಲಿಷರ ಹಾಡಿನ ನಾಟಕ ನೋಡಬೇಕು. ಅವಳ ಅಪ್ಪ ಕುಂಬಾರಕೊಪ್ಪಲಿನಲ್ಲಿ ಪೌರಾಣಿಕ ನಾಟಕದ ರಾಜ. ಬೆಳಿಗ್ಗೆ ಎಮ್ಮೆ ಮೇಯಿಸಿ, ರಾತ್ರಿ ಕಿರೀಟ ಇಡುತ್ತಿದ್ದವರು. ಲಂಡನ್ನಿನಲ್ಲಿ ನಾಟಕದ ಟಿಕೆಟ್ಟು ಸಿಗಲಿಲ್ಲ. ಜಯ ಎರಡು ದಿನ ನನ್ನೊಡನೆ ಮಾತೇ ಆಡಲಿಲ್ಲ, ಟಿಕೆಟ್ಟನ್ನು ನಾನೇ ಬಚ್ಚಿಟ್ಟಿದ್ದೇನೋ ಎಂಬಂತೆ.

ಆಮೇಲೆ ಸಮುದ್ರದ ದಂಡೆಯ ಒಂದು ಸಣ್ಣ ಊರಿಗೆ ಬಂದೆವು. ನಾವು ಇಳಿದುಕೊಂಡ ಮನೆಯಾಕೆ ಮೇರಿ ತಿಂಡಿ ಬಡಿಸುತ್ತಾ ಹೇಳಿದಳು: "ಇವತ್ತು ಸಂಜೆ ಚರ್ಚಿನ ಹಾಲಿನಲ್ಲಿ ಊರವರದೇ ಸಂಗೀತ ನಾಟಕ. ನನ್ನ ಗಂಡ ಜಾನನದು ರಾಜನ ಪಾತ್ರ. ಇಷ್ಟು ವರ್ಷ ಪರದೆ ಎಳೆದುಕೊಂಡಿದ್ದ. ಇವತ್ತು ಎಡವಿದರೆ ಇನ್ನು ಸ್ಟೇಜೇ ಹತ್ತುವುದಿಲ್ಲ ಅಂತ ಕೂತಿದ್ದಾನೆ. ನೀವು ಬಂದರೆ ಅವನಿಗೆ ಧೈರ್ಯ." ಜಾನ್ ಮೂಲೆಯಲ್ಲಿ ತಣ್ಣಗಾದ ಟೀ ಹಿಡಿದುಕೊಂಡು ಗೋಡೆ ನೋಡುತ್ತಿದ್ದ. ಮೀನಿನ ಅಂಗಡಿಯವನು, ಆಳು ಆರಡಿ. ಮುಖ ಮಾತ್ರ ಪರೀಕ್ಷೆಯ ಬಾಗಿಲಲ್ಲಿ ನಿಂತ ಹುಡುಗನದು.

ಹೋದೆವು. ಹಾಲಿನ ತುಂಬಾ ಹಳೆಯ ಕೋಟುಗಳು, ನುಸಿಗುಳಿಗೆಯ ವಾಸನೆ. ಪಕ್ಕದ ಅಜ್ಜಿ ನನ್ನ ಕೈಗೊಂದು ಪೆಪ್ಪರ್‌ಮಿಂಟು ತುರುಕಿದಳು, ನಾನದನ್ನು ಕೋಟಿನ ಜೇಬಿಗೆ ಇಳಿಸಿದೆ. ಮುಂದೆ ಬರಲಿರುವುದು ಆಕೆಗೆ ಗೊತ್ತಿತ್ತೆಂದು ಆಮೇಲೆ ಅನ್ನಿಸಿತು. ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತು. ಅದನ್ನು ಎಳೆಯಬಲ್ಲ ಮನುಷ್ಯ ಈಗ ರಾಜನಾಗಿದ್ದನಲ್ಲ! ರಾಣಿ ಒಂದು ಶ್ರುತಿ, ಪಿಯಾನೋ ಒಂದು ಶ್ರುತಿ. ಸೈನಿಕರು ಇಬ್ಬರೇ, ಅದರಲ್ಲೊಬ್ಬ ಕನ್ನಡಕ ತೆಗೆಯಲು ಮರೆತಿದ್ದ. ನಾನು ಗಡಿಯಾರ ನೋಡಿಕೊಂಡೆ. ಜಯಳ ಮುಖ ಬಾಡಿತ್ತು. "ಇದಕ್ಕೆ ಏರೋಪ್ಲೇನ್ ಹತ್ತಿ ಬರ್ಬೇಕಿತ್ತೇನ್ರೀ?" ಎಂದಳು.

ಅಷ್ಟರಲ್ಲಿ ಜಾನ್ ಬಂದ. ರಾಜ್ಯ ಬಿಟ್ಟು ಹಡಗು ಹತ್ತುವ ದುಃಖದ ಹಾಡು. ಎರಡು ಸಾಲು ಹೇಗೋ ನಡೆಯಿತು. ಮೂರನೆಯದಕ್ಕೆ ಬಾಯಿ ತೆರೆದವನು ತೆರೆದ ಹಾಗೇ ನಿಂತ. ಪದ ಮರೆತಿದ್ದ. ಪಿಯಾನೋ ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡಿ, ಅದೂ ನಿಂತಿತು. ಮೀಸೆಯ ಒಂದು ತುದಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಇಂಗ್ಲಿಷರು ಮರ್ಯಾದಸ್ಥರು ನೋಡಿ, ಯಾರೂ ನಗಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಮೊಣಕಾಲು ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಮೇರಿ ಕರವಸ್ತ್ರ ಬಾಯಿಗೊತ್ತಿಕೊಂಡಳು.

"ಒನ್ಸ್ ಮೋರ್!"

ನನ್ನ ಪಕ್ಕದಿಂದಲೇ ಬಂತು. ಜಯ ಎದ್ದು ನಿಂತಿದ್ದಳು. ಹಾಲಿಗೆ ಹಾಲೇ ತಿರುಗಿ ನೋಡಿತು. ನಾನು ಪ್ರೋಗ್ರಾಂ ಕಾಗದದಲ್ಲಿ ಮುಖ ಮುಚ್ಚಿಕೊಂಡು, "ಕೂತ್ಕೊಳ್ಳೇ, ಮಾನ ಹೋಗುತ್ತೆ!" ಎಂದೆ.

"ಯಾಕ್ ಕೂತ್ಕೊಳ್ಲಿ? ನಮ್ಮಪ್ಪ ಪದ ಮರೆತಾಗೆಲ್ಲ ಇಡೀ ಕೊಪ್ಪಲೇ ಕೂಗ್ತಿತ್ತು. ಚೆನ್ನಾಗ್ ಹಾಡ್ದೋರ್ಗೆ ಚಪ್ಪಾಳೆ ಸಾಕು ಕಣ್ರೀ, ಒನ್ಸ್ ಮೋರ್ ಬೇಕಾಗಿರೋದು ಎಡವ್ದೋರ್ಗೆ. ಹಿಂಗ್ ಸುಮ್ನೆ ಕೂತ್ರೆ ಪಾಪ, ಅವ್ನು ಅಲ್ಲೇ ಸತ್ತೋಗ್ತಾನೆ!" ಎಂದವಳೇ ಇನ್ನೊಮ್ಮೆ ಕೂಗಿದಳು.

ಪಿಯಾನೋದವನು ಫಕ್ಕನೆ ನಕ್ಕು ಮೊದಲಿನಿಂದ ಶುರುಮಾಡಿದ. ಜಾನ್ ಮೀಸೆ ಒತ್ತಿಕೊಂಡು ಹಾಡಿದ. ಚೆನ್ನಾಗಿ ಹಾಡಿದನೆಂದು ಸುಳ್ಳು ಹೇಳಲಾರೆ. ಆದರೆ ಕೊನೆಯವರೆಗೂ ಹಾಡಿದ. ಅದುವರೆಗೆ ಬಾಯಿ ಬಿಡದ ಆ ಜನ ಈಗ ಒಟ್ಟಾಗಿ, "ಒನ್ಸ್ ಮೋರ್!" ಎಂದರು. ಅದನ್ನು ನಿಜವೆಂದೇ ನಂಬಿ ಪುಣ್ಯಾತ್ಮ ಮೂರನೆಯ ಸಲವೂ ಹಾಡಿದ. ಅಷ್ಟು ಕೆಟ್ಟ ಹಾಡನ್ನು ಅಷ್ಟು ಸಂತೋಷದಿಂದ ನಾನು ಜನ್ಮದಲ್ಲಿ ಕೇಳಿಲ್ಲ. ಮರುದಿನ ತಿಂಡಿಯ ಹೊತ್ತಿಗೆ ಅವನೇ ಬಂದು, ಜಯಳ ತಟ್ಟೆಗೆ ಇನ್ನೊಂದು ಮೊಟ್ಟೆ ಇಟ್ಟು, ಬಗ್ಗಿ, "ಒನ್ಸ್ ಮೋರ್" ಎಂದ.

ಇರಲಿ, ನನ್ನ ಹಾಡಿಗೆ ಬರುತ್ತೇನೆ. ಮೊನ್ನೆ ವೇದಿಕೆ ಹತ್ತಿದೆ. ಮನೆಯಲ್ಲಿ ಹಾಡುವಾಗಲೆಲ್ಲ ಎರಡನೆಯ ಚರಣದಲ್ಲಿ ಮುಗ್ಗರಿಸುತ್ತಿದ್ದೆ. ಅವತ್ತು ಯಾವ ದೇವರು ಕೈ ಹಿಡಿದನೋ, ದಾಟಿಬಿಟ್ಟೆ. ಚಪ್ಪಾಳೆಯೂ ಬಿತ್ತು. ನಾನು ಜಯ ಕೂತ ಕಡೆಗೇ ನೋಡಿದೆ. ಅವಳು ಕುರ್ಚಿಯ ತುದಿಗೆ ಬಂದು ಕೂತಿದ್ದಳು, ಏನೂ ಕೂಗಲಿಲ್ಲ.

ಮನೆಗೆ ನಡೆದು ಬರುತ್ತಾ ತಡೆಯಲಾರದೆ ಕೇಳಿಯೇಬಿಟ್ಟೆ. "ಆ ಮೀನಿನ ಅಂಗಡಿಯವನಿಗೆ ಅಷ್ಟು ಕೂಗಿದೆ. ನನಗೆ ಒಂದು ಒನ್ಸ್ ಮೋರ್ ಇಲ್ವೇನೇ?"

"ನೀವ್ ಎಲ್ಲಿ ಎಡವಿದ್ರಿ?" ಎಂದಳು. ನಾಲ್ಕು ಹೆಜ್ಜೆ ನಡೆದು, "ನೀವು ಬಾಯಿ ತೆಗೆದಾಗ್ನಿಂದ ಮುಗಿಸೋವರ್ಗೂ ಆ ಒನ್ಸ್ ಮೋರ್‌ನ ಬಾಯಲ್ಲೇ ಇಟ್ಕೊಂಡ್ ಕೂತಿದ್ದೆ ಕಣ್ರೀ. ಉಗುಳು ನುಂಗೋಕೂ ಆಗ್ಲಿಲ್ಲ" ಎಂದಳು.

ಮನೆಗೆ ಬಂದು ಕೋಟು ಬಿಚ್ಚಿ ಬೀರುವಿನಲ್ಲಿಟ್ಟೆ. ಪೆಪ್ಪರ್‌ಮಿಂಟು ಜೇಬಿನಲ್ಲೇ ಇದೆ. ಮುಂದಿನ ವರ್ಷಕ್ಕೂ ಹೆಸರು ಕೊಟ್ಟಿದ್ದೇನೆ, ಎರಡನೆಯ ಚರಣವನ್ನು ಮಾತ್ರ ಅಭ್ಯಾಸ ಮಾಡುತ್ತಿಲ್ಲ.