ಅರ್ಥ ಹೇಳಿದವನ ಏಟು

ದೊಡ್ಡಬಳ್ಳಾಪುರದ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಪದಗಳನ್ನು ನಾವು ಏಟು ತಿಂದೇ ಕಲಿತೆವು. ಮೇಷ್ಟ್ರು ಒಂದು ಪದ ಹೇಳಿ ಸಾಲಾಗಿ ಅರ್ಥ ಕೇಳುವರು. ಗೊತ್ತಿಲ್ಲದವರು ನಿಂತೇ ಇರಬೇಕು. ಸರಿಯಾಗಿ ಹೇಳಿದವನು ಅವರೆಲ್ಲರ ಮೂಗು ಹಿಡಿದು ಕೆನ್ನೆಗೆ ಬಾರಿಸಬೇಕು. ಮೆಲ್ಲಗೆ ಬಾರಿಸಿದರೆ ಬೆತ್ತದೇಟು ಅವನಿಗೇ.

ನನಗೆ ಪದಗಳು ಬೇಗ ಬರುತ್ತಿದ್ದವು. ಹೊಡೆಯುವುದು ಮೊದಮೊದಲು ಹಿಂಸೆಯಾಗಿತ್ತು, ಆಮೇಲೆ ರುಚಿಸಿತು. ಎರಡನೇ ಮಹಾಯುದ್ಧದ ಆ ವರ್ಷಗಳಲ್ಲಿ ನನ್ನ ಕೈಯಿಂದ ಹೆಚ್ಚು ತಿಂದವನು ಒಂದೇ ಮನೆಯಲ್ಲಿದ್ದ ದೊಡ್ಡಪ್ಪನ ಮಗ. ವಯಸ್ಸಿನಲ್ಲಿ ದೊಡ್ಡವನು, ಫೇಲಾಗಿ ನನ್ನ ತರಗತಿಗೇ ಬಂದು ಕೂತಿದ್ದ. ಮನೆಯಲ್ಲಿ ಅಣ್ಣ ಎಂದು ಕರೆಯುತ್ತಿದ್ದವನ ಮೂಗನ್ನು ಶಾಲೆಯಲ್ಲಿ ಹಿಂಡುತ್ತಿದ್ದೆ.

"ತಮ್ಮನ ಕೈಲಿ ಹೊಡಿಸ್ಕೊಂಡು ಬರ್ತೀಯಲ್ಲಲೇ, ಮಾನ ಇಲ್ವಾ?" ಎಂದು ದೊಡ್ಡಪ್ಪ ಗುಡುಗುತ್ತಿದ್ದರು. "ಈ ಸಲವೂ ಓದೋ ಪರೀಕ್ಷೇಲಿ ಫೇಲಾದ್ರೆ ಸ್ಕೂಲು ಬಂದ್. ಸೀದಾ ಮಗ್ಗದ ಗುಂಡಿಗೆ ಇಳಿದು ನೇಯೋಕೆ ಕೂರ್ಬೇಕು."

ಪರೀಕ್ಷಕರ ಮುಂದೆ ಪಾಠವನ್ನು ಗಟ್ಟಿಯಾಗಿ ಓದಿ, ಅವರು ಕೇಳಿದ ಪದಗಳಿಗೆ ಅರ್ಥ ಹೇಳುವ ಪರೀಕ್ಷೆ ಅದು. ಅಣ್ಣ ಹಟಕ್ಕೆ ಬಿದ್ದ. ಬೆಳಿಗ್ಗೆ ದೊಡ್ಡಪ್ಪನ ಮಗ್ಗದ ಪಕ್ಕ ಕೂತು, ಲಾಳಿ ಅತ್ತ ಹೋದಾಗ ಇಂಗ್ಲಿಷ್ ಪದ, ಇತ್ತ ಬಂದಾಗ ಕನ್ನಡದ ಅರ್ಥ ಎಂದು ಕೂಗಿ ಕೂಗಿ ಕಲಿತ.

ಪರೀಕ್ಷೆ ಹತ್ತಿರವಿದ್ದಾಗ ಒಂದು ದಿನ ಮೇಷ್ಟ್ರು 'ಆರ್ಚರ್ಡ್' ಎಂದರು. ನಾನು ನಿಂತೆ. ತರಗತಿಗೆ ತರಗತಿಯೇ ನಿಂತಿತು.

"ಹಣ್ಣಿನ ತೋಪು ಸಾರ್" ಎಂದ ಅಣ್ಣ.

ಎಲ್ಲರಿಗೂ ಹೊಡೆಯುತ್ತ ನನ್ನ ಬಳಿ ಬಂದ. ಮೂಗನ್ನು ಸುಮ್ಮನೆ ಮುಟ್ಟಿ, ಕೆನ್ನೆ ಸವರಿದಂತೆ ತಟ್ಟಿ, "ಹೆದರ್ಕೋಬೇಡ ಕಣೋ" ಎಂದು ಪಿಸುಗುಟ್ಟಿದ. ಮೇಷ್ಟ್ರು ನೋಡಿಬಿಟ್ಟರು. ಬೆತ್ತ ಅವನ ಬೆನ್ನು, ಮೊಣಕಾಲುಗಳ ಮೇಲೆ ಆಡಿತು.

"ಏಟು ಅಂದ್ರೇನು ಅಂತ ಇವನಿಗೆ ತೋರಿಸೋ" ಎಂದು ನನಗೆ ಹೇಳಿದರು.

ಮೇಷ್ಟ್ರ ಭಯದಿಂದ ಹೊಡೆದೆ ಎಂದೇ ಬಹಳ ಕಾಲ ಹೇಳಿಕೊಂಡೆ. ಅದು ಸುಳ್ಳು. ನನಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು, ಸಾಲದ್ದಕ್ಕೆ ಕರುಣೆ ಬೇರೆ ತೋರಿಸಿದ್ದ. ಆ ಸಿಟ್ಟನ್ನೆಲ್ಲ ಅಂಗೈಗೆ ತಂದು ಅವನ ಎಡಗಿವಿಗೆ ಬೀಸಿದೆ. ಅವನು ಡೆಸ್ಕಿಗೆ ಬಡಿದು ಬಿದ್ದ. ಕಿವಿಯಿಂದ ರಕ್ತ ಇಳಿದು ಅಂಗಿಯ ಕೊರಳಪಟ್ಟಿ ನೆನೆಯಿತು. ಮೇಷ್ಟ್ರು ಮುಂದಿನ ಪದಕ್ಕೆ ಹೋದರು.

ಮನೆಯಲ್ಲಿ ಅವನು ಕಿವಿ ಸೋರುತ್ತಿದೆ ಎಂದಷ್ಟೇ ಹೇಳಿದ. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟಳು. ಆ ಕಿವಿ ಮತ್ತೆ ಕೇಳಿಸಲಿಲ್ಲ.

ಪರೀಕ್ಷೆಯ ದಿನ ಅವನ ನಂತರ ನನ್ನ ಸರದಿ, ಬಾಗಿಲಲ್ಲೇ ನಿಂತಿದ್ದೆ. ಅಣ್ಣ ಪಾಠವನ್ನು ತಡವರಿಸದೆ ಓದಿದ. ಪರೀಕ್ಷಕರು ಮೆಲುದನಿಯವರು, ಅವನ ಎಡಕ್ಕೆ ಕೂತಿದ್ದರು. 'ಥ್ರೆಷೋಲ್ಡ್' ಎಂದರು.

"ಏನ್ ಸಾರ್?"

ಮತ್ತೆ ಕೇಳಿದರು. ಅವನು ಮತ್ತೆ "ಏನ್ ಸಾರ್?" ಎಂದ. ಬೇರೆ ಪದಗಳಿಗೂ ಅದೇ ಮಾತು. ಬಾಗಿಲಲ್ಲಿದ್ದ ನನಗೆ ಕೇಳಿಸಿದ್ದು ಅವನಿಗೆ ಕೇಳಿಸಲಿಲ್ಲ. ಕಿವಿ ಕೇಳೋಲ್ಲ ಸಾರ್ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಏನಾಯಿತು ಎಂದು ಕೇಳುತ್ತಾರೆ, ಹೊಡೆದವನು ನಾನೆಂದು ಗೊತ್ತಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ.

"ಒಂದು ಪದವೂ ಬರೋಲ್ಲ. ಹೋಗು" ಎಂದರು.

ನನಗೂ 'ಥ್ರೆಷೋಲ್ಡ್' ಎಂದೇ ಕೇಳಿದರು. ಹೊಸ್ತಿಲು ಎಂದೆ. ಬೆಳಿಗ್ಗೆ ಮಗ್ಗದ ಪಕ್ಕ ಅಣ್ಣ ಕೂಗುತ್ತಿದ್ದದ್ದು ಕಿವಿಗೆ ಬಿದ್ದೇ ನನಗದು ಗೊತ್ತಾಗಿತ್ತು.

ಫಲಿತಾಂಶ ಬಂದ ದಿನ ದೊಡ್ಡಪ್ಪ ಕೈಗೆ ಸಿಕ್ಕ ಸೌದೆಯಿಂದ ಅವನನ್ನು ಬಡಿದರು. "ತಮ್ಮನ್ನ ನೋಡಿ ಕಲಿಯೋ ಮುಂಡೇದೇ" ಎನ್ನುತ್ತ ರಟ್ಟೆ ಹಿಡಿದು ಮಗ್ಗದ ಗುಂಡಿಗೆ ತಳ್ಳಿದರು. ಆಗಲೂ ಅವನು ನನ್ನ ಹೆಸರೆತ್ತಲಿಲ್ಲ. ನಾನು ಅಲ್ಲೇ ನಿಂತು ಮೊಸರನ್ನ ಉಣ್ಣುತ್ತಿದ್ದೆ.